ಎಸ್‌ಟಿ ಅಂದ್ರೆ ಮೂಲನಿವಾಸಿನಾ?

ತುರ್ವಿಹಾಳದ ಕಡೆ ‘ಎಸ್‌ಟಿ’ ಅಂದ ಕೂಡಲೇ ನೆನಪಾಗೋದು ಜಾತಿ ಪ್ರಮಾಣಪತ್ರ, ಸಿಇಟಿ ಸೀಟು, ಮಸ್ಕಿ ಮೀಸಲು ಕ್ಷೇತ್ರ. ಅಂತರರಾಷ್ಟ್ರೀಯ ಕಾನೂನಿನ ‘ಮೂಲನಿವಾಸಿ ಹಕ್ಕು’ ಬೇರೆ. ಅಲ್ಲಿ ಮೊದಲ ಪ್ರಶ್ನೆ ನೆಲದ್ದು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು 144 ಮತಗಳಿಂದ ಅಂಗೀಕರಿಸಿತು. ಮೂಲನಿವಾಸಿಗಳನ್ನು ಅವರ ನೆಲದಿಂದ ಬಲವಂತವಾಗಿ ಎಬ್ಬಿಸುವಂತಿಲ್ಲ, ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು ಅನ್ನುತ್ತೆ ಅದರ 10ನೇ ವಿಧಿ. ಭಾರತವೂ ಪರವಾಗಿ ಮತ ಹಾಕಿತು. ಆದ್ರೆ ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರೆಲ್ಲ ಮೂಲನಿವಾಸಿಗಳೇ ಅನ್ನೋದು ಸರ್ಕಾರದ ನಿಲುವು. ಎಲ್ಲರದ್ದೂ ಆದ ಹಕ್ಕನ್ನು ಕಾಡಿನವರು ಬೇರೆಯಾಗಿ ಕೇಳೋದು ಹೇಗೆ? ಮೇಲಾಗಿ ಘೋಷಣೆ ಒಪ್ಪಂದವಲ್ಲ, ತಾನಾಗಿ ಕಾನೂನಾಗಲ್ಲ.

ಹಾಗಾಗಿ ಇಲ್ಲಿ ಕೆಲಸಕ್ಕೆ ಬರೋದು ನಮ್ಮದೇ 2006ರ ಅರಣ್ಯ ಹಕ್ಕು ಕಾಯ್ದೆ. ವನ್ಯಜೀವಿ ನೆಲೆಯಿಂದ ಸ್ಥಳಾಂತರಿಸಲು ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು ಅಂತ ಅದರಲ್ಲೇ ಇದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯ್ತು. ಅದೇ ವರ್ಷ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ ತರೋದು ಮತ್ತೆ ಹಕ್ಕಾಯ್ತು.

ಸಿವಿಲ್‌ನವರು ಗಮನಿಸಿ: ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡೆಲ್ಲ ಸುತ್ತಿ, ತಮ್ಮ ದೇವರ ನೆಲೆಗಳನ್ನು ಜಿಪಿಎಸ್ ಹಿಡಿದು ನಕ್ಷೆಗೆ ಏರಿಸಿದ್ದರು. ಇಲಾಖೆಯ ನಕ್ಷೆಯಲ್ಲಿ ಆ ಹೆಸರುಗಳು ಇರಲಿಲ್ಲ.