‘ಇಷ್ಟು ದಿನ ಯಾಕೆ ಸುಮ್ಮನಿದ್ದರು?’ ಅನ್ನುವ ಮುನ್ನ

ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದು ಕ್ರೀಡಾಪಟುವೊಬ್ಬರು ಬಾಯಿಬಿಟ್ಟರೆ ಅನೇಕರ ನಾಲಿಗೆಗೆ ಮೊದಲು ಬರುವ ಪ್ರಶ್ನೆ ಇದೇ.

ಅಮೆರಿಕದ ರೇಚಲ್ ಡೆನ್‌ಹಾಲಂಡರ್ ಅವರನ್ನೇ ನೋಡಿ. 2000ರಲ್ಲಿ, 15ರ ಹರೆಯದ ಜಿಮ್ನಾಸ್ಟ್ ಆಗಿದ್ದ ಆಕೆ ಬೆನ್ನುನೋವೆಂದು ವೈದ್ಯ ಲ್ಯಾರಿ ನಾಸರ್ ಬಳಿ ಹೋದರು. ಅಮ್ಮ ಅದೇ ಕೋಣೆಯಲ್ಲಿದ್ದರು. ಅವರಿಗೆ ಕಾಣದಂತೆ ಅಡ್ಡ ನಿಂತು ಆತ ‘ಚಿಕಿತ್ಸೆ’ಯ ಹೆಸರಲ್ಲಿ ದೌರ್ಜನ್ಯ ಎಸಗಿದ. ಮಗುವಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? 2016ರಲ್ಲಿ ಆಕೆ ಬಹಿರಂಗವಾಗಿ ಮುಂದೆ ಬಂದಾಗ ‘ದುಡ್ಡಿಗಾಗಿ’ ಎಂದವರೂ ಇದ್ದರು. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಸಂತ್ರಸ್ತೆಯರ ನೋವು ನ್ಯಾಯಾಲಯದಲ್ಲಿ ಒಂದರ ಹಿಂದೊಂದು ಕೇಳಿಬಂತು. ನಾಸರ್‌ಗೆ 40ರಿಂದ 175 ವರ್ಷ ಜೈಲಾಯಿತು.

ಹಾಗಾಗಿ ಇಂಥ ಸುದ್ದಿ ಬಂದಾಗ ವಿವರ ಕೆದಕಬೇಡಿ. ‘ಪಾಪ’ ಎಂದು ಕೈತೊಳೆದುಕೊಳ್ಳಲೂ ಬೇಡಿ. ನೀವಾಡುವ ಮಾತನ್ನು ಪಕ್ಕದಲ್ಲೇ ಕೂತು ಟಿ.ವಿ. ನೋಡುವ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ತನಗೇನಾದರೂ ಆದರೆ ಅಪ್ಪ-ಅಮ್ಮ ನಂಬುತ್ತಾರೋ ಇಲ್ಲವೋ ಎಂದು ಆಗಲೇ ಲೆಕ್ಕ ಹಾಕಿಬಿಡುತ್ತದೆ. ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಿ, ಸಾಕು. ಜೊತೆಗೆ ಮಕ್ಕಳ ಸಹಾಯವಾಣಿ 1098 ಮನೆಮಂದಿಗೆಲ್ಲ ಬಾಯಿಪಾಠವಾಗಿರಲಿ.