ಶೀತಪ್ರದೇಶದ ಬೆಟ್ಟದ ರೇವೆಮಣ್ಣು

ಮಣ್ಣು ಎಂದರೆ ನಮ್ಮಲ್ಲಿ ಅನೇಕರಿಗೆ ಎರಡೇ ಬಗೆ: ಬೆರಳಸಂದಿನಿಂದ ಉದುರುವ ಮರಳು, ಕಾಲಿಗೆ ಮೆತ್ತಿಕೊಳ್ಳುವ ಜೇಡಿ. ಇವೆರಡರ ನಡುವೆ ಮೂರನೆಯದೊಂದುಂಟು. ಅದಕ್ಕೆ ರೇವೆ ಎಂದು ಹೆಸರು. ಹೊಳೆಯ ನೆರೆ ಇಳಿದ ಮೇಲೆ ದಡದಲ್ಲಿ ಉಳಿಯುವ ನುಣುಪು ಮಣ್ಣಿನಲ್ಲಿ ಇದರ ಪಾಲು ಹೆಚ್ಚು. ಸಮತಟ್ಟಾದ ಹೊಲದಲ್ಲಿ ಇದು ನೀರನ್ನು ಹಿಡಿದು ಬೆಳೆಗೆ ಕೊಡುವ ಸಾಧುಮಣ್ಣು. ಚಳಿನಾಡಿನ ಬೆಟ್ಟದ ಇಳಿಜಾರಿನಲ್ಲಿ ಮಾತ್ರ ಇದರ ನಡತೆಯೇ ಬೇರೆ. ರಸ್ತೆಯ ಕೆಲಸಕ್ಕೋ, ಸೈನ್ಯದ ನೌಕರಿಗೋ, ಕಂಟ್ರಾಕ್ಟರರ ಲೆಕ್ಕ ಬರೆಯುವುದಕ್ಕೋ ಹಿಮಾಲಯದ ಕಡೆಗೆ ಹೋಗುವ ದುಡಿಮೆಗಾರರಿಗೆ ಈ ನಡತೆಯ ಅರಿವು ಪ್ರಾಣರಕ್ಷಣೆಯ ವಿಷಯ. ಲಡಾಖನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಕಣದ ಗಾತ್ರ

ಮಣ್ಣಿನ ಕಣ 2 ಮಿಲಿಮೀಟರಿನಿಂದ 0.05 ಮಿ.ಮೀ.ವರೆಗೆ ಇದ್ದರೆ ಮರಳು, 0.05ರಿಂದ 0.002ರವರೆಗೆ ರೇವೆ, ಅದಕ್ಕೂ ಸಣ್ಣದು ಜೇಡಿ. ಇದು ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಅಳತೆ. ಜೇಡಿಯ ಕಣಗಳು ಹಾಳೆಯಂತೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೇವೆಯಾದರೋ ಬಹುಮಟ್ಟಿಗೆ ಕಲ್ಲಿನದೇ ಪುಡಿ. ಹಿಟ್ಟಿನಷ್ಟು ನಯ, ಆದರೆ ಅಂಟು ಬಹಳ ಕಡಿಮೆ.

ಮಲೆನಾಡಿನಲ್ಲಿ ಬಿಸಿಲು ಮಳೆಗಳು ಸೇರಿ ಕಲ್ಲನ್ನು ಶಿಥಿಲಗೊಳಿಸಿ ಜೇಡಿಯಾಗಿ ಮಾರ್ಪಡಿಸುತ್ತವೆ. ಲೇಹ್ ಪಟ್ಟಣವಿರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 100 ಮಿ.ಮೀ. ಮಾತ್ರ. ಅಂಥ ಚಳಿಯಲ್ಲಿ, ಅಂಥ ಒಣಹವೆಯಲ್ಲಿ ಕಲ್ಲು ಒಡೆದು ಪುಡಿಯಾಗುತ್ತದೆಯೇ ಹೊರತು ಸುಲಭವಾಗಿ ಜೇಡಿಯಾಗುವುದಿಲ್ಲ. ಹಿಮನದಿಯು ಬೀಸುವ ಕಲ್ಲಿನಂತೆ ಬಂಡೆಯನ್ನು ಅರೆದು ಇಳಿಜಾರಿನಲ್ಲಿ ಬಿಟ್ಟುಹೋದ ರಾಶಿಯಲ್ಲಿ ದೊಡ್ಡ ಕಲ್ಲು, ಜಲ್ಲಿ, ಮರಳುಗಳೊಡನೆ ಈ ರೇವೆಯೂ ಬೆರೆತಿರುತ್ತದೆ.

ನೆಲ ಏಳುವುದು, ತೆವಳುವುದು

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಮಣ್ಣೂ ಕೆಳಗಿನ ನೀರನ್ನು ಹೀರುತ್ತದೆ. ಮರಳಿನಲ್ಲಿ ನೀರು ಬೇಗ ಏರುತ್ತದೆ, ಎತ್ತರಕ್ಕೆ ಏರುವುದಿಲ್ಲ. ಜೇಡಿಯಲ್ಲಿ ಎತ್ತರಕ್ಕೆ ಏರಬಲ್ಲದು, ಆದರೆ ಬಹಳ ನಿಧಾನ. ರೇವೆಯಲ್ಲಿ ಎತ್ತರ, ವೇಗ ಎರಡೂ ಸಾಕಷ್ಟುಂಟು. ಆದ್ದರಿಂದ ಚಳಿಗಾಲದಲ್ಲಿ ಮೇಲಿನ ಪದರ ಹೆಪ್ಪುಗಟ್ಟತೊಡಗಿದಾಗ ಕೆಳಗಿನ ನೀರು ಅಲ್ಲಿಗೆ ಏರಿ ಬಂದು, ತೆಳುಹಲಗೆಗಳಂಥ ಮಂಜುಗಡ್ಡೆಯ ಪದರಗಳಾಗಿ ಬೆಳೆಯುತ್ತದೆ. ನೆಲ ಉಬ್ಬುತ್ತದೆ, ರಸ್ತೆ ಬಿರಿಯುತ್ತದೆ, ನೆಟ್ಟ ಕಂಬ ಮೇಲೇಳುತ್ತದೆ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುವುದೇ ಇದಕ್ಕೆಲ್ಲ ಕಾರಣವೆಂದು ಹಿಂದೆ ತಿಳಿದಿದ್ದರು. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಅವರು 1930ರ ಸುಮಾರಿಗೆ ಹೆಪ್ಪುಗಟ್ಟಿದಾಗ ಕುಗ್ಗುವ ದ್ರವಗಳನ್ನು ಮಣ್ಣಿಗೆ ಹಾಕಿ ಪರೀಕ್ಷಿಸಿದರು. ಆಗಲೂ ಮಣ್ಣು ಉಬ್ಬಿತು! ಉಬ್ಬಿಗೆ ಮುಖ್ಯ ಕಾರಣ ಕೆಳಗಿನಿಂದ ಹೀರಿಬರುವ ದ್ರವವೇ ಎಂದು ಇದರಿಂದ ಸ್ಪಷ್ಟವಾಯಿತು.

ಇಳಿಜಾರಿನಲ್ಲಿ ಇನ್ನೊಂದು ವಿಶೇಷವಿದೆ. ಉಬ್ಬುವಾಗ ಕಣವು ಇಳಿಜಾರಿಗೆ ಲಂಬವಾಗಿ, ಎಂದರೆ ತುಸು ಹೊರಕ್ಕೆ ಏಳುತ್ತದೆ. ಮಂಜು ಕರಗಿದಾಗ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಹೀಗೆ ಪ್ರತಿ ಸಲವೂ ಒಂದಿಷ್ಟು ಕೆಳಕ್ಕೆ ಸರಿಯುತ್ತದೆ. ಬೆಟ್ಟದ ಮೈ ಕಣ್ಣಿಗೆ ಕಾಣದಂತೆ ತೆವಳುವುದು ಹೀಗೆ. ವಸಂತದಲ್ಲಿ ಕರಗುವುದು ಮೇಲಿನ ಪದರ ಮೊದಲು. ಅಡಿಯ ಪದರ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗಲಾರದೆ, ಮೇಲಿನ ಮಣ್ಣು ಅಂಬಲಿಯಂತಾಗಿ ಜಾರುತ್ತದೆ.

ಒಣಗಿದರೆ ಗೋಡೆ, ನೆನೆದರೆ ಹೊಳೆ

ಒಣಗಿದಾಗ ಇದೇ ಬಗೆಯ ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಲಡಾಖಿನ ಹಳೆಯ ಮನೆಗಳು ಬಿಸಿಲಿನಲ್ಲಿ ಒಣಗಿಸಿದ ಮಣ್ಣಿಟ್ಟಿಗೆಯವು. ಮಳೆಯಿಲ್ಲದ ನಾಡಿಗೆ ಅವು ತಕ್ಕವೇ. ಆದರೆ 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಯಿತು. ಗಿಡಮರಗಳಿಲ್ಲದ ಬೆಟ್ಟಗಳ ಸಡಿಲ ಮಣ್ಣು ನೀರಿನೊಡನೆ ಕೂಡಿ, ಬಂಡೆಗಳನ್ನೂ ಹೊತ್ತು ಹಳ್ಳಗಳಲ್ಲಿ ಇಳಿಯಿತು. ಲೇಹ್ ಪಟ್ಟಣದಲ್ಲೂ ಚೋಗ್ಲಮ್ಸರ್ ಗ್ರಾಮದಲ್ಲೂ ಮನೆಗಳು ಕೆಸರಿನಲ್ಲಿ ಹೂತುಹೋದವು. ಸತ್ತವರು 200ಕ್ಕೂ ಹೆಚ್ಚು. ದೂರದ ಊರುಗಳಿಂದ ಕೂಲಿಗೆ ಬಂದಿದ್ದವರೂ ಅವರಲ್ಲಿದ್ದರು.

ಗುರುತಿಸುವ ಬಗೆ

1. ಹಸಿಮಣ್ಣಿನ ಉಂಡೆಯನ್ನು ಅಂಗೈಯಲ್ಲಿಟ್ಟು ಅಲುಗಿಸಬೇಕು. ರೇವೆಯಾದರೆ ಮೇಲೆ ನೀರಿನ ಹೊಳಪು ಬರುತ್ತದೆ. ಹಿಸುಕಿದರೆ ಹೊಳಪು ಮಾಯವಾಗುತ್ತದೆ. ಜೇಡಿಯಲ್ಲಿ ಹೀಗಾಗುವುದಿಲ್ಲ.

2. ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ರೇವೆಗೆ ಕೆಲವು ಗಂಟೆ ಬೇಕು. ಜೇಡಿಗೆ ದಿನಗಳೇ ಹಿಡಿಯಬಹುದು.

ನೆನಪಿಡಬೇಕಾದ್ದು

ರಸ್ತೆ ಮಾಡುವವರು ಹಾಸಿನ ಕೆಳಗೆ ದಪ್ಪ ಜಲ್ಲಿಯ ಪದರ ಹಾಕುವುದು ನೀರು ಮೇಲೇರುವುದನ್ನು ತಡೆಯಲಿಕ್ಕೆ. ಚರಂಡಿ ತೆಗೆಯುವುದು ಇಳಿಜಾರಿಗೆ ನೀರುಣಿಸದಿರಲಿಕ್ಕೆ. ಇವೆರಡರಲ್ಲಿ ಉಳಿತಾಯ ಮಾಡಬಾರದು. ಇಳಿಜಾರಿನ ಬುಡವನ್ನು ಆಧಾರವಿಲ್ಲದೆ ಕಡಿದರೆ ಮೇಲಿನದೆಲ್ಲ ಕೆಳಗೆ ಬರಲು ದಾರಿ ಮಾಡಿಕೊಟ್ಟಂತೆ. ಹೊಸ ಬಿರುಕು, ವಾಲಿದ ಕಂಬ, ಹಠಾತ್ತನೆ ಕೆಸರಾದ ಅಥವಾ ಬತ್ತಿದ ತೊರೆ ಕಂಡರೆ ಮೇಸ್ತ್ರಿಗೆ ತಿಳಿಸಿ ಅಲ್ಲಿಂದ ದೂರ ಸರಿಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಡಾರದ ಜಾಗ. ಹಳ್ಳವು ಬೆಟ್ಟದಿಂದ ಹೊರಬೀಳುವಲ್ಲಿ ಬೀಸಣಿಗೆಯಂತೆ ಹರಡಿದ ನೆಲವಿರುತ್ತದೆ. ಸುತ್ತಲಿನ ಕಡಿದಾದ ಬೆಟ್ಟದ ಮುಂದೆ ಅದು ಸಮತಟ್ಟು. ಗೂಟ ಹೊಡೆಯಲು ಸುಲಭ, ನೀರೂ ಹತ್ತಿರ. ಕೂಲಿಯವರ ಗುಡಾರಗಳು ಏಳಲು ಇಷ್ಟು ಸಾಕು. ಆದರೆ ಆ ನೆಲವನ್ನು ಅಲ್ಲಿಗೆ ತಂದು ಹರಡಿದ್ದೇ ಹಿಂದಿನ ನೆರೆ, ಹಿಂದಿನ ಕೆಸರಿನ ಹೊಳೆ. ಬಂದ ದಾರಿಯಲ್ಲೇ ಅದು ಮತ್ತೆ ಬರಬಹುದು. ಆದ್ದರಿಂದ ಗುಡಾರದ ಗೂಟ ಹೊಡೆಯುವ ಮೊದಲು, ಈ ನೆಲ ಇಲ್ಲಿ ಸಮವಾದದ್ದು ಹೇಗೆ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಕು.