ಕೆಮಿಸ್ಟ್ರಿ ಓದಲು ಸಾಲವೇ? ಸಹಿ ಹಾಕುವ ಮುನ್ನ ಎಂಟು ಸೂತ್ರಗಳು

ರಸಾಯನಶಾಸ್ತ್ರ ಓದಿದವರಿಗೆ ಕೆಲಸದ ದಾರಿಗಳಿವೆ. ಬೊಮ್ಮಸಂದ್ರ, ಜಿಗಣಿ, ನಂಜನಗೂಡು, ಬೀದರಿನ ಕೊಳಾರ, ಪಕ್ಕದ ಹೈದರಾಬಾದ್ ಹೀಗೆ ಔಷಧ ಕಾರ್ಖಾನೆ ಇರುವಲ್ಲೆಲ್ಲ ಕೆಮಿಸ್ಟ್‌ಗಳು ಬೇಕು. ಆದರೆ ಆರಂಭದ ಸಂಬಳ ಸಾಧಾರಣ, ಅದು ಏರುವುದು ಅನುಭವ ಬಂದ ಮೇಲೆ. ಸಾಲದ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ಇವನ್ನು ಓದಿಕೊಳ್ಳಿ.

1. ಮೊದಲ ಸಂಬಳ ವಿಚಾರಿಸಿ
ಕಾಲೇಜಿನ ಕರಪತ್ರದಲ್ಲಿರುವ ‘ಗರಿಷ್ಠ ಪ್ಯಾಕೇಜ್’ ಒಬ್ಬಿಬ್ಬರಿಗೆ ಸಿಕ್ಕಿದ್ದು. ಅದೇ ವಿಭಾಗದಲ್ಲಿ ಓದಿ ಈಚೆಗೆ ಹೊರಬಂದ ಐದು ಮಂದಿ ಸೀನಿಯರ್‌ಗಳಿಗೆ ಫೋನ್ ಮಾಡಿ. ಪಿಎಫ್ ಕಳೆದು ಕೈಗೆಷ್ಟು ಬರುತ್ತದೆ, ಪಿಜಿ ಬಾಡಿಗೆ ಎಷ್ಟು, ಕಂಪನಿ ಬಸ್ಸು, ಕ್ಯಾಂಟೀನ್ ಊಟ ಇದೆಯೇ ಎಂದು ಕೇಳಿ. ಐದು ಉತ್ತರಗಳಲ್ಲಿ ನಡುವಿನದನ್ನು ಹಿಡಿಯಿರಿ. ಮುಂದಿನ ಲೆಕ್ಕಕ್ಕೆಲ್ಲ ಅದೇ ಆಧಾರ.

2. ಕಂತನ್ನು ಇವತ್ತೇ ಲೆಕ್ಕ ಹಾಕಿ
ಎಂಎಸ್ಸಿಗೆ ವರ್ಷಕ್ಕೆ 2 ಲಕ್ಷದಂತೆ 4 ಲಕ್ಷ ಸಾಲ, ಶೇ. 10ರ ಬಡ್ಡಿ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತದೆ. ಸರಳ ಬಡ್ಡಿಯಲ್ಲೇ ಅದು 1 ಲಕ್ಷವಾಗಿ, ಕಂತು ಶುರುವಾಗುವ ಹೊತ್ತಿಗೆ ಬಾಕಿ 5 ಲಕ್ಷಕ್ಕೆ ಬಂದಿರುತ್ತದೆ. 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 6,600 ರೂಪಾಯಿ, ಒಟ್ಟು ಕಟ್ಟುವುದು 7.9 ಲಕ್ಷ. 15 ವರ್ಷಕ್ಕೆ ಎಳೆದರೆ ಕಂತು 5,400ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 9.6 ಲಕ್ಷ ದಾಟುತ್ತದೆ.

3. ಸಂಬಳದ ಐದರಲ್ಲೊಂದು ಪಾಲು ಮೀರಬೇಡಿ
ಕೈಗೆ 20 ಸಾವಿರ ಬರುವುದಾದರೆ ಕಂತು 4 ಸಾವಿರದೊಳಗಿರಲಿ. ಕಂತು ಶುರುವಾಗುವವರೆಗೆ ಸೇರುವ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿದರೆ, ಮೇಲಿನ ಬಡ್ಡಿ, 10 ವರ್ಷದ ಅವಧಿಯಲ್ಲಿ ಆ ಕಂತು ತೀರಿಸಬಲ್ಲ ಸಾಲ ಸುಮಾರು 2.4 ಲಕ್ಷ ಮಾತ್ರ. ಕಾಲೇಜು ಇದಕ್ಕಿಂತ ಹೆಚ್ಚು ಕೇಳಿದರೆ ಉಳಿದ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಪ್ರವೇಶಕ್ಕೆ ಮೊದಲೇ ಉತ್ತರ ಬೇಕು.

4. ಬಿಎಸ್ಸಿಗೆ ಸಾಲ ಬೇಡ
ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಬಿಎಸ್ಸಿ ಶುಲ್ಕ ಕಡಿಮೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಮರೆಯಬೇಡಿ. ಪಿಯುಸಿಯಲ್ಲಿ ಮಂಡಳಿಯ ಅಗ್ರ ಶೇ. 1ರೊಳಗೆ ಬಂದು ಮೂಲವಿಜ್ಞಾನ ಆರಿಸಿಕೊಂಡವರಿಗೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯ ವಿದ್ಯಾರ್ಥಿವೇತನವಿದೆ. ಸಾಲದ ಶಕ್ತಿಯನ್ನು ಎಂಎಸ್ಸಿಗೆ ಉಳಿಸಿಕೊಳ್ಳಿ.

5. ಮೊದಲು ಸರ್ಕಾರಿ ಬ್ಯಾಂಕು, ಓದುವಾಗಲೇ ಬಡ್ಡಿ
ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಕೈಯಿಂದ ಹಾಕಬೇಕಾದ ಪಾಲಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಮನೆಪತ್ರ, ಒಡವೆ ತೆಗೆದುಕೊಂಡು ಫೈನಾನ್ಸ್ ಕಂಪನಿಗೆ ಓಡಬೇಡಿ. 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದೆಯೇ ನೋಡಿ. ಇದ್ದರೆ, ಮೆರಿಟ್ ಸೀಟು ಸಿಕ್ಕಿ ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿಗೆ ಅವಕಾಶವಿದೆ. ಮನೆಯವರು ತಿಂಗಳ ಬಡ್ಡಿಯನ್ನು ಕಂತು ಶುರುವಾಗುವವರೆಗೂ ಕಟ್ಟುತ್ತ ಬಂದರೆ, ಎರಡನೇ ಸೂತ್ರದ ಲೆಕ್ಕದಲ್ಲಿ 50 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ.

6. ಯಂತ್ರ ಮುಟ್ಟಿ ಕಲಿಯಿರಿ
ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗದ ವಾಕ್-ಇನ್ ಸಂದರ್ಶನದಲ್ಲಿ ಅಂಕಪಟ್ಟಿ ನೋಡಿದ ಮೇಲೆ ಪ್ರಶ್ನೆಗಳು ಎಚ್‌ಪಿಎಲ್‌ಸಿ, ಅಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ ಕಡೆಗೆ ತಿರುಗುತ್ತವೆ. ಯಾವ ಕಾಲಂ ಹಾಕಿದಿರಿ? ಮೊಬೈಲ್ ಫೇಸ್ ಹೇಗೆ ತಯಾರಿಸಿದಿರಿ? ಬಫರಿನ ಪಿಎಚ್ ಸರಿಮಾಡಿ ಸೋಸಿದಿರಾ? ಎರಡು ಪೀಕ್ ಒಂದಕ್ಕೊಂದು ಅಂಟಿಕೊಂಡರೆ ಏನು ಮಾಡುತ್ತೀರಿ? ಯಂತ್ರದ ಮುಂದೆ ನಿಂತು ಕೆಲಸ ಮಾಡಿದವರು ತಡವರಿಸುವುದಿಲ್ಲ. ಆದ್ದರಿಂದ ಕಾಲೇಜು ಆರಿಸುವಾಗ ಕಟ್ಟಡ ನೋಡಿ ಬರಬೇಡಿ. ಲ್ಯಾಬಿಗೆ ಹೋಗಿ, ಎಚ್‌ಪಿಎಲ್‌ಸಿ ನಡೆಯುತ್ತಿದೆಯೇ, ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ಕೇಳಿ. ಶುಲ್ಕದ ಬೆಲೆ ಅಲ್ಲಿ ಗೊತ್ತಾಗುತ್ತದೆ.

7. ಓದಿಗೇ ಹಣ ಕೊಡುವ ದಾರಿ ಹಿಡಿಯಿರಿ
ಬಿಎಸ್ಸಿ ಕೊನೆಯ ವರ್ಷದಲ್ಲೇ ಜ್ಯಾಮ್ ಪರೀಕ್ಷೆ ಬರೆಯಿರಿ. ಐಐಟಿಗಳ ಎಂಎಸ್ಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿ ಎರಡಕ್ಕೂ ಅದು ಬಾಗಿಲು. ಎಂಎಸ್ಸಿ ನಂತರ ಸಿಎಸ್‌ಐಆರ್–ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ, 2023ರಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಮುಂದೆ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದಾಗ 42,000. ಪಿಯು ಉಪನ್ಯಾಸಕರಾಗುವ ಆಸೆಯಿದ್ದರೆ ಎಂಎಸ್ಸಿ ಜೊತೆ ಬಿಎಡ್ ಬೇಕು, ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.

8. ವಿದೇಶವಾದರೆ ಇನ್ನಷ್ಟು ಎಚ್ಚರ
30 ಲಕ್ಷ ಬಾಕಿ, ಶೇ. 11 ಬಡ್ಡಿ, 10 ವರ್ಷ ಎಂದರೆ ತಿಂಗಳಿಗೆ 41 ಸಾವಿರದ ಕಂತು. ಅಲ್ಲಿ ಕೆಲಸ ಸಿಗದೆ ಊರಿಗೆ ಮರಳಿದರೆ ಇಲ್ಲಿನ ಆರಂಭದ ಸಂಬಳ ಇದಕ್ಕೆ ಸಾಲದು. ಅಮೆರಿಕದಲ್ಲಿ ಕೆಮಿಸ್ಟ್ರಿ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ, ಪಾಠ ಹೇಳುವ ಅಥವಾ ಸಂಶೋಧನಾ ಸಹಾಯಕರ ಕೆಲಸಕ್ಕೆ ಸ್ಟೈಪೆಂಡ್ ಸಿಗುತ್ತದೆ. ಮಾಸ್ಟರ್ಸ್ ಹೆಚ್ಚಾಗಿ ಸ್ವಂತ ಖರ್ಚು. ಓದಿನಲ್ಲಿ ಗಟ್ಟಿಯಿದ್ದರೆ ನೇರವಾಗಿ ಪಿಎಚ್‌ಡಿಗೇ ಅರ್ಜಿ ಹಾಕಿ.

ಕೆಮಿಸ್ಟ್ರಿ ಇಷ್ಟವಿದ್ದರೆ ಸಾಲಕ್ಕೆ ಹೆದರಿ ಅದನ್ನು ಕೈಬಿಡಬೇಡಿ. ಇಲ್ಲಿ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕಲಿಯುವ ದಾರಿಗಳಿವೆ. ಲೆಕ್ಕ ಕೂಡದಿದ್ದರೆ ದುಬಾರಿ ಕಾಲೇಜನ್ನು ಬಿಡಿ, ವಿಷಯವನ್ನು ಉಳಿಸಿಕೊಳ್ಳಿ.